ವಿಸಿ ಪೆಟ್ಟಿಗೆಯ ಹಿತ್ತಲ ಬಾಗಿಲು

"ಸಾಹೇಬ್ರು ವಿಸಿಲಿದ್ದಾರೆ, ಸ್ವಲ್ಪ ಕೂತ್ಕೊಳ್ಳಿ." ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆ, ಈ ಯಾವ ತಾಲ್ಲೂಕು ಕಚೇರಿಯ ಮೆಟ್ಟಿಲು ಹತ್ತಿದವರಿಗೂ ಈ ಮಾತು ಹೊಸದಲ್ಲ. ವಿಸಿ ಎಂದರೆ ವಿಡಿಯೊ ಕಾನ್ಫರೆನ್ಸ್. ನಾಲ್ಕೂ ಹುಣಸೂರು ಕಂದಾಯ ಉಪವಿಭಾಗಕ್ಕೆ ಸೇರಿದ ತಾಲ್ಲೂಕುಗಳು. ಈಚೆಗೆ ಕೆ.ಆರ್.ನಗರದಿಂದ ಸಾಲಿಗ್ರಾಮ, ಎಚ್.ಡಿ.ಕೋಟೆಯಿಂದ ಸರಗೂರು ಬೇರೆ ತಾಲ್ಲೂಕುಗಳಾಗಿವೆ. ಮಳೆಗೆ ಬಿದ್ದ ಮನೆಗಳ ಲೆಕ್ಕ, ಬೆಳೆಹಾನಿ, ಕುಡಿಯುವ ನೀರು, ಚುನಾವಣೆ ಸಿದ್ಧತೆ, ಏನೇ ಇರಲಿ, ಮೈಸೂರಿನಿಂದ ಜಿಲ್ಲಾಧಿಕಾರಿಗಳೋ ಬೆಂಗಳೂರಿನಿಂದ ಕಾರ್ಯದರ್ಶಿಗಳೋ ಪರದೆಯ ಮೇಲೆ ಬಂದು ಕೇಳುತ್ತಾರೆ. ರಾಜ್ಯದ ಕೇಂದ್ರ, ಜಿಲ್ಲೆ, ತಾಲ್ಲೂಕುಗಳನ್ನು ಹೆಣೆಯುವ ಕೆಸ್ವಾನ್ ಎಂಬ ಸರ್ಕಾರಿ ಜಾಲ ಇದಕ್ಕೆಲ್ಲ ಬೆನ್ನೆಲುಬು.

ಕಚೇರಿಯಷ್ಟೇ ಅಲ್ಲ. ಮೈಸೂರಿನ ಅಬ್ದುಲ್ ನಜೀರ್ ಸಾಬ್ ಗ್ರಾಮೀಣಾಭಿವೃದ್ಧಿ ಸಂಸ್ಥೆಯ ಸ್ಟುಡಿಯೊದಿಂದ ಪಂಚಾಯಿತಿ ಸದಸ್ಯರಿಗೆ ಉಪಗ್ರಹದ ಮೂಲಕ ತರಬೇತಿ ನಡೆದದ್ದು ತಾಲ್ಲೂಕು ಪಂಚಾಯಿತಿಗಳ ಕೊಠಡಿಗಳಲ್ಲಿ. ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಗಂತೂ ಇನ್ನೂ ಹಳೆಯ ನಂಟು. 2002ರಲ್ಲಿ ಇಸ್ರೊ ಕೈಗೊಂಡ ಟೆಲಿಮೆಡಿಸಿನ್ ಯೋಜನೆಯಲ್ಲಿ ಚಾಮರಾಜನಗರದ ಜಿಲ್ಲಾಸ್ಪತ್ರೆಯ ಜೊತೆಗೆ, ಆಗ ಎಚ್.ಡಿ.ಕೋಟೆ ತಾಲ್ಲೂಕಿನಲ್ಲಿದ್ದ ಈ ಆಸ್ಪತ್ರೆಯೂ ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಉಪಗ್ರಹದ ಮೂಲಕ ಜೋಡಣೆಯಾಗಿತ್ತು. ದೊಡ್ಡ ಊರುಗಳ ಎಷ್ಟೋ ಆಸ್ಪತ್ರೆಗಳು ಇಂಥದ್ದನ್ನು ಕಾಣುವ ಮೊದಲೇ ಕಾಡಂಚಿನ ರೋಗಿಯೊಬ್ಬರ ಹೃದಯದ ವಿಷಯವನ್ನು ಬೆಂಗಳೂರಿನ ತಜ್ಞರು ಪರದೆಯ ಮೇಲೆ ನೋಡುವ ದಾರಿ ಇಲ್ಲಿ ತೆರೆದಿತ್ತು. ಇನ್ನು ನ್ಯಾಯಾಲಯಗಳು. 2020ರಲ್ಲಿ ಕರ್ನಾಟಕ ಹೈಕೋರ್ಟ್ ವಿಡಿಯೊ ಕಾನ್ಫರೆನ್ಸಿಂಗ್‌ಗೆಂದೇ ನಿಯಮ ರೂಪಿಸಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 530ನೇ ಕಲಮು, ವಿಚಾರಣೆ ಮತ್ತು ಸಾಕ್ಷ್ಯವನ್ನು ಆಡಿಯೊ–ವಿಡಿಯೊ ಮಾಧ್ಯಮದಲ್ಲೇ ನಡೆಸಲು ಅವಕಾಶ ಕೊಟ್ಟಿದೆ. ಹೀಗಾಗಿ ಸಾಕ್ಷಿಯ ಮಾತು, ರೋಗಿಯ ಮೈ, ಅಧಿಕಾರಿಗಳ ಒಳಮಾತು ಇವೆಲ್ಲ ಗೋಡೆಯ ಮೇಲಿನ ಒಂದು ಕ್ಯಾಮೆರಾದ ಮುಂದೆ ನಡೆಯುತ್ತಿವೆ.

ಆ ಕ್ಯಾಮೆರಾದ ಹಿಂದಿರುವ ಪೆಟ್ಟಿಗೆಯನ್ನು ದೂರದಿಂದ ನಿರ್ವಹಿಸುವ ಹಕ್ಕು ಯಾರ ಕೈಯಲ್ಲಿದೆ, ಅದನ್ನು ಹೇಗೆ ಭದ್ರವಾಗಿಡಬೇಕು ಎಂಬುದು ಈ ಲೇಖನದ ವಿಷಯ.

ಸಭೆಯ ಬಾಗಿಲು ಬೇರೆ, ಯಂತ್ರದ ಬಾಗಿಲು ಬೇರೆ

2023ರ ಡಿಸೆಂಬರ್ ಮೊದಲ ವಾರ ಹೈಕೋರ್ಟ್‌ನ ಜೂಮ್ ಕಲಾಪದೊಳಗೆ ಕಿಡಿಗೇಡಿಗಳು ನುಗ್ಗಿ ಅಶ್ಲೀಲ ದೃಶ್ಯ ತೋರಿಸಿದರು. ಆಗಿನ ಮುಖ್ಯ ನ್ಯಾಯಮೂರ್ತಿ ಪ್ರಸನ್ನ ಬಿ. ವರಾಳೆ ಅವರು ನೇರಪ್ರಸಾರವನ್ನೂ ವಿಡಿಯೊ ಕಾನ್ಫರೆನ್ಸಿಂಗನ್ನೂ ತಾತ್ಕಾಲಿಕವಾಗಿ ನಿಲ್ಲಿಸಬೇಕಾಯಿತು. ರಾಜ್ಯದಲ್ಲಿ ಎಲ್ಲರ ಕಣ್ಣಿಗೂ ಬಿದ್ದ ಪ್ರಕರಣವಿದು. ಆದರೆ ಅದು ಸಭೆಯ ಬಾಗಿಲಿನಿಂದ ಬಂದ ಹಾವಳಿ. ಬಂದವರು ಎಲ್ಲರೆದುರೇ ಬಂದರು, ಎಲ್ಲರಿಗೂ ಗೊತ್ತಾಯಿತು, ಕೂಡಲೇ ಕ್ರಮವೂ ಆಯಿತು.

ನಾನು ಹೇಳುತ್ತಿರುವುದು ಹಿತ್ತಲ ಬಾಗಿಲಿನ ಮಾತು. ಟಿವಿಯ ಕೆಳಗೋ ಕಪಾಟಿನೊಳಗೋ ಕೂತಿರುವ ಆ ಪೆಟ್ಟಿಗೆ, ತಂತ್ರಜ್ಞರ ಬಾಯಲ್ಲಿ ಕೋಡೆಕ್, ಒಂದು ಪೂರ್ಣ ಕಂಪ್ಯೂಟರ್. ಹೆಚ್ಚಿನವುಗಳ ಒಳಗೆ ಲಿನಕ್ಸೋ ಆಂಡ್ರಾಯ್ಡೋ ಓಡುತ್ತಿರುತ್ತದೆ. ಅದಕ್ಕೊಂದು ಐಪಿ ವಿಳಾಸವಿದೆ. ಬ್ರೌಸರ್‌ನಲ್ಲಿ ಆ ವಿಳಾಸ ಹೊಡೆದರೆ ಅಡ್ಮಿನ್ ಲಾಗಿನ್ ಪುಟ ತೆರೆದುಕೊಳ್ಳುತ್ತದೆ. ಅಲ್ಲಿ ಒಳಹೊಕ್ಕವರು ಮಾದರಿಗೆ ತಕ್ಕಂತೆ ಏನೇನು ಮಾಡಬಹುದು? ಕರೆ ಬಂದಾಗ ತಾನೇ ಎತ್ತಿಕೊಳ್ಳುವಂತೆ ಮಾಡಬಹುದು. ಕ್ಯಾಮೆರಾ ತಿರುಗಿಸಬಹುದು, ಹತ್ತಿರಕ್ಕೆಳೆದು ನೋಡಬಹುದು. ಮೈಕಿನ ಮ್ಯೂಟ್ ತೆಗೆಯಬಹುದು. ಕೊಠಡಿಯ ಸ್ಥಿರಚಿತ್ರ ತೆಗೆದುಕೊಳ್ಳಬಹುದು. ಯಾವಾಗ ಯಾರೊಂದಿಗೆ ಎಷ್ಟು ಹೊತ್ತು ಮಾತಾಯಿತು ಎಂಬ ಪಟ್ಟಿ, ವಿಳಾಸ ಪುಸ್ತಕ ಎರಡನ್ನೂ ಓದಬಹುದು. ತಮ್ಮದೇ ತಂತ್ರಾಂಶ ತುಂಬಬಹುದು. ಅದೇ ಜಾಲದಲ್ಲಿರುವ ಪಕ್ಕದ ಕಂಪ್ಯೂಟರುಗಳತ್ತ ಕೈಚಾಚಲು ಈ ಪೆಟ್ಟಿಗೆಯನ್ನೇ ನಿಲ್ದಾಣ ಮಾಡಿಕೊಳ್ಳಬಹುದು. ತಾಲ್ಲೂಕು ಕಚೇರಿಯ ಪಕ್ಕದ ಕಂಪ್ಯೂಟರುಗಳೆಂದರೆ ಪಹಣಿ, ಪಿಂಚಣಿ, ಜಾತಿ ಪ್ರಮಾಣಪತ್ರದ ಕೆಲಸ ನಡೆಯುವ ಕಂಪ್ಯೂಟರುಗಳು ಎಂಬುದನ್ನು ನೆನಪಿಡಬೇಕು.

ಈ ದಾರಿಯಲ್ಲಿ ಬಂದವರು ಪರದೆಯ ಮೇಲೆ ಕಾಣಿಸಿಕೊಳ್ಳುವುದಿಲ್ಲ. ನ್ಯಾಯಾಲಯದ ವಿಡಿಯೊ ನಿಯಮಗಳಲ್ಲಿ ಸಾಕ್ಷಿ ಕೂರುವ ಕಡೆ ಒಬ್ಬ ಸಂಯೋಜಕ ಇರಬೇಕು, ಆ ಕೊಠಡಿಯಲ್ಲಿ ಬೇರೆ ಯಾರೂ ಇಲ್ಲವೆಂದು ಆತ ಖಾತ್ರಿ ಮಾಡಿಕೊಳ್ಳಬೇಕು ಎಂಬ ಏರ್ಪಾಡಿದೆ. ಬಾಗಿಲ ಹಿಂದೆ, ಮೇಜಿನಡಿ ನೋಡಿ ಯಾರೂ ಇಲ್ಲ ಎಂದು ಆತ ಪ್ರಾಮಾಣಿಕವಾಗಿಯೇ ಹೇಳುತ್ತಾನೆ. ಪೆಟ್ಟಿಗೆಯೊಳಗೆ ಯಾರಾದರೂ ಕೂತಿದ್ದರೆ ಅವನಿಗೆ ತಿಳಿಯುವ ಬಗೆಯಿಲ್ಲ.

ಹಾಗಾದರೆ ಮುಚ್ಚಿಬಿಡಬಹುದಲ್ಲ?

ಮುಚ್ಚಿದರೆ ಭದ್ರತೆಯ ತಲೆನೋವು ತೀರುತ್ತದೆ, ಆದರೆ ಕೆಲಸ ನಿಲ್ಲುತ್ತದೆ. ಹುಣಸೂರು ಮೈಸೂರಿನಿಂದ ಸುಮಾರು 45 ಕಿ.ಮೀ., ಕೆ.ಆರ್.ನಗರ 40ರ ಆಸುಪಾಸು, ಎಚ್.ಡಿ.ಕೋಟೆ 50ರ ಮೇಲೆ, ಪಿರಿಯಾಪಟ್ಟಣ ಇನ್ನೂ ಮುಂದೆ. ಡಿ.ಬಿ.ಕುಪ್ಪೆಯಂಥ ಊರು ಕಾಡು ದಾಟಿ ಕೇರಳದ ಅಂಚಿನಲ್ಲಿದೆ. ವಾರ್ಷಿಕ ನಿರ್ವಹಣೆ ಒಪ್ಪಂದ, ಅಂದರೆ ಎಎಂಸಿ ಹಿಡಿದವರ ತಂತ್ರಜ್ಞ ಸಾಮಾನ್ಯವಾಗಿ ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಇರುತ್ತಾನೆ. ಬೆಳಿಗ್ಗೆ 11ಕ್ಕೆ ವಿಸಿ, 10:30ಕ್ಕೆ ಧ್ವನಿ ಹೋಗುತ್ತಿಲ್ಲ ಎಂದರೆ ಆತ ಬಸ್ಸು ಹತ್ತಿ ಬರುವ ಹೊತ್ತಿಗೆ ಸಭೆಯೇ ಮುಗಿದಿರುತ್ತದೆ. ದೂರದಿಂದ ಒಳಹೋಗಿ ಐದು ನಿಮಿಷದಲ್ಲಿ ಸರಿಪಡಿಸುವ ಸೌಲಭ್ಯ ನಮ್ಮಂಥ ತಾಲ್ಲೂಕುಗಳಿಗೆ ಬೇಕೇ ಬೇಕು. ಆದ್ದರಿಂದ ಯಾರು, ಎಲ್ಲಿಂದ, ಯಾವಾಗ, ಯಾವ ಗುರುತು ತೋರಿಸಿ ಒಳಬರಬಹುದು ಎಂಬುದನ್ನು ಬಿಗಿಮಾಡುವುದೇ ನಮಗಿರುವ ದಾರಿ.

ಈ ಬಾಗಿಲು ಅಗಲವಾಗಿ ತೆರೆದುಕೊಳ್ಳುವುದು ದುರುದ್ದೇಶದಿಂದಲ್ಲ, ಅವಸರದಿಂದ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಅರ್ಧ ಪರಿಹಾರ ಇಲ್ಲಿಯೇ ಇದೆ.

ಪೆಟ್ಟಿಗೆಯಲ್ಲಿ ಎರಡು ಬಗೆಯ ಪೋರ್ಟುಗಳಿವೆ, ಅಂದರೆ ಜಾಲದಿಂದ ಒಳಬರುವ, ಸಂಖ್ಯೆಯಿಂದ ಗುರುತಿಸುವ ಕಿಂಡಿಗಳು. ಕರೆಗೆ ಬೇಕಾದವು ಕೆಲವು: ಎಚ್.323 ಎಂಬ ಹಳೆಯ ಪದ್ಧತಿಗೆ 1720, ಎಸ್‌ಐಪಿ ಪದ್ಧತಿಗೆ 5060 ಮತ್ತು 5061. ನಿರ್ವಹಣೆಗೆ ಬೇಕಾದವು ಬೇರೆ: ಅಡ್ಮಿನ್ ಪುಟಕ್ಕೆ 80 ಮತ್ತು 443, ಟೆಲ್ನೆಟ್‌ಗೆ 23, ಎಸ್‌ಎಸ್‌ಎಚ್‌ಗೆ 22, ಯಂತ್ರದ ಆರೋಗ್ಯ ವಿಚಾರಿಸುವ ಎಸ್‌ಎನ್‌ಎಂಪಿಗೆ 161. ಹೊರಗಿನವರು ಕರೆ ಮಾಡಬೇಕಾದರೆ ಮೊದಲ ಗುಂಪು ಸಾಕು, ಎರಡನೆಯ ಗುಂಪು ಹೊರಜಗತ್ತಿಗೆ ಕಾಣಲೇಬೇಕಿಲ್ಲ. ಆದರೆ ಎಚ್.323ರಲ್ಲಿ ಒಂದು ತೊಡಕಿದೆ. ಕರೆ ಶುರುವಾದ ಮೇಲೆ ಚಿತ್ರ–ಧ್ವನಿಗೆ ಪ್ರತಿಸಲವೂ ಬೇರೆ ಬೇರೆ ಪೋರ್ಟುಗಳನ್ನು ಅದು ಆರಿಸಿಕೊಳ್ಳುತ್ತದೆ. ರೂಟರಿಗೆ ಇದು ಅರ್ಥವಾಗದೆ ಚಿತ್ರ ಬಂದರೆ ಧ್ವನಿ ಇಲ್ಲ, ಧ್ವನಿ ಬಂದರೆ ಚಿತ್ರ ಇಲ್ಲ ಎಂಬ ಪಾಡಾಗುತ್ತದೆ. ಉದ್ಘಾಟನೆಯ ದಿನ ಹತ್ತಿರ ಬಂದಿರುತ್ತದೆ. ಜೋಡಿಸಲು ಬಂದವನು ರೂಟರಿನಲ್ಲಿ ಡಿಎಂಜೆಡ್ ಎಂಬ ಆಯ್ಕೆ ಒತ್ತಿ ಇಡೀ ಪೆಟ್ಟಿಗೆಯನ್ನೇ ಅಂತರ್ಜಾಲದ ಎದುರಿಗೆ ಇಟ್ಟುಬಿಡುತ್ತಾನೆ. ಕರೆ ಥಟ್ಟನೆ ಕೂಡುತ್ತದೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಕರೆಯ ಪೋರ್ಟುಗಳ ಜೊತೆ ಅಡ್ಮಿನ್ ಪುಟವೂ ಟೆಲ್ನೆಟ್ಟೂ ಲೋಕಕ್ಕೆಲ್ಲ ತೆರೆದುಕೊಂಡಿದ್ದನ್ನು ಯಾರೂ ಗಮನಿಸುವುದಿಲ್ಲ.

ಅಂತರ್ಜಾಲದ ವಿಳಾಸಗಳನ್ನೆಲ್ಲ ಹಗಲಿರುಳು ತಡಕಿ ಎಲ್ಲೆಲ್ಲಿ ಯಾವ ಯಂತ್ರ ಉತ್ತರಿಸುತ್ತದೆ ಎಂದು ಪಟ್ಟಿ ಮಾಡುವ ಶೋಡಾನ್‌ನಂಥ ಹುಡುಕು ತಾಣಗಳು 2009ರಿಂದಲೂ ಇವೆ. ಪೆಟ್ಟಿಗೆ ಪಿರಿಯಾಪಟ್ಟಣದ ಮೂಲೆಯಲ್ಲಿದೆ, ಯಾರು ಹುಡುಕುತ್ತಾರೆ ಎಂಬ ನೆಮ್ಮದಿ ಇಲ್ಲಿ ನಡೆಯದು. ಹುಡುಕುವುದು ಮನುಷ್ಯರಲ್ಲ, ಪ್ರೋಗ್ರಾಂ. ಅದಕ್ಕೆ ಪಿರಿಯಾಪಟ್ಟಣವೂ ಪ್ಯಾರಿಸ್ಸೂ ಒಂದೇ.

ಹಿಂದೆ ಆದದ್ದು

2011ರ ಫೆಬ್ರುವರಿಯಲ್ಲಿ ಸಿಸ್ಕೊ ಕಂಪನಿ ಒಂದು ಎಚ್ಚರಿಕೆ ಹೊರಡಿಸಿತು. ಅದು ಹಿಂದಿನ ವರ್ಷವಷ್ಟೇ ಕೊಂಡುಕೊಂಡಿದ್ದ ನಾರ್ವೆ ಮೂಲದ ಟ್ಯಾಂಡ್‌ಬರ್ಗ್ ಕಂಪನಿಯ ಇ, ಇಎಕ್ಸ್ ಮತ್ತು ಸಿ ಸರಣಿಯ ಪೆಟ್ಟಿಗೆಗಳಲ್ಲಿ 'ರೂಟ್' ಎಂಬ ಪರಮಾಧಿಕಾರದ ಖಾತೆ ಕಾರ್ಖಾನೆಯಿಂದಲೇ ಚಾಲೂ ಆಗಿರುತ್ತಿತ್ತು, ಅದಕ್ಕೆ ಪಾಸ್‌ವರ್ಡೇ ಇರಲಿಲ್ಲ. ಕೊಂಡವರು ತಾವಾಗಿ ಪಾಸ್‌ವರ್ಡ್ ಇಡದಿದ್ದರೆ ಜಾಲದಲ್ಲಿ ಅದನ್ನು ಮುಟ್ಟಬಲ್ಲ ಯಾರಾದರೂ ಯಜಮಾನನಾಗಬಹುದಿತ್ತು.

ಅದರ ಮುಂದಿನ ವರ್ಷ, 2012ರ ಜನವರಿಯಲ್ಲಿ, ಅಮೆರಿಕದ ರ‍್ಯಾಪಿಡ್7 ಕಂಪನಿಯ ಭದ್ರತಾ ಸಂಶೋಧಕ ಎಚ್.ಡಿ. ಮೂರ್ ಅಂತರ್ಜಾಲದ ಒಂದು ಸಣ್ಣ ಭಾಗವನ್ನಷ್ಟೇ ತಡಕಿ ನೋಡಿದರು. ಕರೆಯನ್ನು ತಾನೇ ಎತ್ತಿಕೊಳ್ಳುವ ಸುಮಾರು 5,000 ವಿಡಿಯೊ ಕೊಠಡಿಗಳು ಸಿಕ್ಕವು. ಅವುಗಳಲ್ಲಿ ಜೈಲಿನಲ್ಲಿ ಕೈದಿ ವಕೀಲರೊಂದಿಗೆ ಮಾತಾಡುವ ಕೊಠಡಿಯಿತ್ತು, ವಿಶ್ವವಿದ್ಯಾಲಯದ ಆಸ್ಪತ್ರೆಯೊಂದರ ಶಸ್ತ್ರಚಿಕಿತ್ಸಾ ಕೊಠಡಿಯೂ ಇತ್ತು. ತಮ್ಮದೇ ಪ್ರಯೋಗಾಲಯದ ಯಂತ್ರದಲ್ಲಿ ಅವರು ಪರೀಕ್ಷಿಸಿದಾಗ 20 ಅಡಿಗಿಂತ ದೂರದ ಚೀಟಿಯಲ್ಲಿ ಬರೆದ ಪಾಸ್‌ವರ್ಡನ್ನು ಆ ಕ್ಯಾಮೆರಾ ಸ್ಪಷ್ಟವಾಗಿ ಓದಿತು. ನಮ್ಮ ಸಭಾಂಗಣಗಳ ಗೋಡೆಗೆ ಅಂಟಿಸಿರುವ ವೈಫೈ ಪಾಸ್‌ವರ್ಡು, ಮೇಜಿನ ಮೇಲೆ ಹರಡಿದ ಕಡತ, ಫಲಾನುಭವಿಗಳ ಪಟ್ಟಿ ಎಲ್ಲ ಅಷ್ಟೇ ದೂರದಲ್ಲಿರುತ್ತವೆ.

2016ರಲ್ಲಿ ಮಿರಾಯ್ ಎಂಬ ದುಷ್ಟ ಪ್ರೋಗ್ರಾಂ ನಡೆಸಿದ ಹಾವಳಿ ಇದೇ ಕಥೆಯ ದೊಡ್ಡ ರೂಪ. ಕಾರ್ಖಾನೆಯಿಂದ ಬಂದ ಹೆಸರು–ಪಾಸ್‌ವರ್ಡುಗಳ ಅರವತ್ತು ಚಿಲ್ಲರೆ ಜೋಡಿಗಳನ್ನು ಇಟ್ಟುಕೊಂಡು, ಟೆಲ್ನೆಟ್ ತೆರೆದಿದ್ದ ಕ್ಯಾಮೆರಾ, ಡಿವಿಆರ್, ರೂಟರುಗಳನ್ನು ಆ ಪ್ರೋಗ್ರಾಂ ಲಕ್ಷಗಟ್ಟಲೆಯಲ್ಲಿ ವಶಪಡಿಸಿಕೊಂಡಿತು. ಅವೆಲ್ಲವನ್ನೂ ಒಟ್ಟಿಗೆ ಎಬ್ಬಿಸಿ ಆ ಅಕ್ಟೋಬರಿನಲ್ಲಿ ದೊಡ್ಡ ದೊಡ್ಡ ಜಾಲತಾಣಗಳನ್ನೇ ಗಂಟೆಗಟ್ಟಲೆ ಮಲಗಿಸಿತು. ನಮ್ಮ ದೇಶದಲ್ಲೇ, 2025ರಲ್ಲಿ ಗುಜರಾತಿನ ರಾಜಕೋಟ್‌ನ ಹೆರಿಗೆ ಆಸ್ಪತ್ರೆಯೊಂದರ ಸಿಸಿಟಿವಿ ದೃಶ್ಯಗಳು ಹೊರಬಿದ್ದು, ತಪಾಸಣೆಗೆ ಬಂದಿದ್ದ ಹೆಣ್ಣುಮಕ್ಕಳ ಮಾನ ಯೂಟ್ಯೂಬ್, ಟೆಲಿಗ್ರಾಂಗಳ ಪಾಲಾಯಿತು. ನಮ್ಮ ಕಾಡಂಚಿನ ಹಾಡಿಯಿಂದ ಹತ್ತಾರು ಮೈಲಿ ನಡೆದು, ವೈದ್ಯರ ಮೇಲೆ ನಂಬಿಕೆಯಿಟ್ಟು ಕ್ಯಾಮೆರಾದ ಮುಂದೆ ಕೂರುವ ತಾಯಿಗೆ ಇಂಥದ್ದಾದರೆ ಆಕೆ ಮತ್ತೆ ಆಸ್ಪತ್ರೆಯ ಕಡೆ ಮುಖ ಹಾಕಿಯಾಳೇ? ದೂರಚಿಕಿತ್ಸೆಯ ಕೊಠಡಿಯ ಪಾಸ್‌ವರ್ಡ್ ನನಗೆ ಬರೀ ಕಂಪ್ಯೂಟರಿನ ವಿಷಯವಾಗಿ ಕಾಣದಿರುವುದು ಇದಕ್ಕೇ.

ಬಾಗಿಲು ಕಿರಿದು ಮಾಡುವ ಬಗೆ

ಮೊದಲ ಕೆಲಸ ಪಾಸ್‌ವರ್ಡ್. ಕಾರ್ಖಾನೆಯದು ಹೋಗಬೇಕು ಎಂಬುದು ಎಲ್ಲರಿಗೂ ಗೊತ್ತು. ಹೋದ ಮೇಲೆ ಏನು ಬರುತ್ತದೆ ಎಂಬಲ್ಲಿ ಎಡವುತ್ತೇವೆ. 'ಹುಣಸೂರ್@571105' ಎಂದು ಊರಿನ ಹೆಸರಿಗೆ ಪಿನ್‌ಕೋಡ್ ಅಂಟಿಸಿದರೆ ಅದು ಪಾಸ್‌ವರ್ಡ್ ಅಲ್ಲ, ವಿಳಾಸ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಪದ ಸೇರಿಸಿ 15 ಅಕ್ಷರಕ್ಕೂ ಉದ್ದ ಮಾಡಿ. ಮುಖ್ಯವಾದ ಮಾತು, ನಾಲ್ಕು ತಾಲ್ಲೂಕಿನ ನಾಲ್ಕು ಪೆಟ್ಟಿಗೆಗೂ ಒಂದೇ ಪಾಸ್‌ವರ್ಡ್ ಬೇಡ. ನೆನಪಿಡಲು ಸುಲಭವೆಂದು ತಂತ್ರಜ್ಞರು ಹೀಗೆ ಮಾಡುವುದುಂಟು. ಆಗ ಒಂದು ಕಡೆ ಸೋರಿದರೆ ನಾಲ್ಕೂ ಕಡೆ ಹೋದಂತೆ. ಐದಾರು ಸಲ ತಪ್ಪಾಗಿ ಹೊಡೆದರೆ ಸ್ವಲ್ಪ ಹೊತ್ತು ಲಾಗಿನ್ ಸ್ಥಗಿತವಾಗುವ ಆಯ್ಕೆ ಇದ್ದರೆ ಚಾಲೂ ಮಾಡಿ. ಕೆಲಸವಿಲ್ಲದೆ ಹತ್ತು ನಿಮಿಷ ಕಳೆದರೆ ತಾನೇ ಲಾಗೌಟ್ ಆಗುವ ಆಯ್ಕೆಯೂ ಇರಲಿ. ಬ್ರಿಟನ್ನಿನಲ್ಲಿ ಎಲ್ಲ ಯಂತ್ರಗಳಿಗೂ ಒಂದೇ ಕಾರ್ಖಾನೆ ಪಾಸ್‌ವರ್ಡ್ ಇಟ್ಟು ಗ್ರಾಹಕರಿಗೆ ಮಾರುವುದನ್ನು 2024ರ ಏಪ್ರಿಲ್ 29ರಿಂದ ಕಾನೂನೇ ನಿಷೇಧಿಸಿದೆ. ನಮ್ಮ ಟೆಂಡರ್ ಷರತ್ತುಗಳಲ್ಲಿ ಇದೊಂದು ಸಾಲು ಸೇರಿಸಲು ಯಾರ ಅಪ್ಪಣೆಗೂ ಕಾಯಬೇಕಿಲ್ಲ.

ಎರಡನೆಯದು ಟೆಲ್ನೆಟ್. ಇದು 1969ರ ಕಾಲದ ಪದ್ಧತಿ. ಅದರಲ್ಲಿ ಹೊಡೆದ ಪಾಸ್‌ವರ್ಡ್ ಗುಪ್ತಲಿಪಿಯಿಲ್ಲದೆ ಹಾಗೇ ತಂತಿಯಲ್ಲಿ ಹರಿಯುತ್ತದೆ, ನಡುವೆ ಕೂತವರು ಓದಿಕೊಳ್ಳಬಹುದು. 1995ರಲ್ಲಿ ಫಿನ್ಲೆಂಡಿನಲ್ಲಿ ಟಾಟು ಇಲೋನೆನ್ ಅವರ ವಿಶ್ವವಿದ್ಯಾಲಯದ ಜಾಲದಲ್ಲಿ ಹೀಗೇ ಪಾಸ್‌ವರ್ಡುಗಳ ಕಳವಾಯಿತು. ಆಗ ಅವರು ಬರೆದದ್ದೇ ಎಸ್‌ಎಸ್‌ಎಚ್. ಇಷ್ಟು ವರ್ಷಗಳಾದ ಮೇಲೂ ಟೆಲ್ನೆಟ್ ಇಟ್ಟುಕೊಳ್ಳಲು ಕಾರಣವೇ ಇಲ್ಲ. ಆಫ್ ಮಾಡಿ. ಅಡ್ಮಿನ್ ಪುಟ ಗುಪ್ತಲಿಪಿ ಬಳಸುವ ಎಚ್‌ಟಿಟಿಪಿಎಸ್‌ನಲ್ಲಷ್ಟೇ ತೆರೆಯುವಂತೆ ಮಾಡಿ. ಎಸ್‌ಎನ್‌ಎಂಪಿ ಬೇಡವಾದರೆ ಅದನ್ನೂ ಆಫ್ ಮಾಡಿ. ಬೇಕಾದರೆ ಮೂರನೇ ಆವೃತ್ತಿ ಬಳಸಿ, ಹಳೆಯ ಆವೃತ್ತಿಗಳಲ್ಲಿ ಗುಪ್ತಪದದ ಜಾಗದಲ್ಲಿ 'ಪಬ್ಲಿಕ್', 'ಪ್ರೈವೇಟ್' ಎಂಬ ಲೋಕಪ್ರಸಿದ್ಧ ಪದಗಳೇ ಕೂತಿರುತ್ತವೆ. ಎಚ್‌ಟಿಟಿಪಿಎಸ್ ಹಾಕಿದ ಮೇಲೆ ಬ್ರೌಸರ್ 'ಇದು ಸುರಕ್ಷಿತವಲ್ಲ' ಎಂದು ಕೆಂಪು ಪುಟ ತೋರಿಸುವುದುಂಟು. ಪೆಟ್ಟಿಗೆ ತನ್ನ ಗುರುತು ಸಾರುವ ಡಿಜಿಟಲ್ ಪ್ರಮಾಣಪತ್ರಕ್ಕೆ ತಾನೇ ಸಹಿ ಹಾಕಿಕೊಂಡಿರುವುದೇ ಇದಕ್ಕೆ ಕಾರಣ. ಪ್ರತಿಸಲ ಕಣ್ಣುಮುಚ್ಚಿ 'ಮುಂದುವರಿಸಿ' ಒತ್ತುವ ಅಭ್ಯಾಸವಾದರೆ ನಿಜವಾದ ಮೋಸದ ದಿನವೂ ಹಾಗೇ ಒತ್ತುತ್ತೇವೆ. ಇಲಾಖೆಯ ಪ್ರಮಾಣಪತ್ರ ಹಾಕಿಸುವುದು ಸರಿಯಾದ ದಾರಿ.

ಮೂರನೆಯದು ಎಲ್ಲಕ್ಕಿಂತ ದೊಡ್ಡದು. ಅಡ್ಮಿನ್ ಪೋರ್ಟುಗಳು ಅಂತರ್ಜಾಲಕ್ಕೆ ಕಾಣಲೇಬಾರದು. ರೂಟರಿನಲ್ಲಿ ಡಿಎಂಜೆಡ್ ತೆಗೆಸಿ. ತಾನಾಗಿ ಪೋರ್ಟ್ ತೆರೆಯುವ ಯುಪಿಎನ್‌ಪಿ ಎಂಬ ಆಯ್ಕೆಯನ್ನೂ ಆಫ್ ಮಾಡಿಸಿ. ದೂರದ ತಂತ್ರಜ್ಞ ಮೊದಲು ಗುಪ್ತಲಿಪಿಯ ಖಾಸಗಿ ದಾರಿಯಾದ ವಿಪಿಎನ್‌ಗೆ ಬರಬೇಕು: ತನ್ನದೇ ಹೆಸರಿನ ಖಾತೆ, ಪಾಸ್‌ವರ್ಡ್, ಅದರ ಮೇಲೆ ಮೊಬೈಲಿನ ಆ್ಯಪ್ ತೋರಿಸುವ ಆರಂಕಿಯ ಸಂಖ್ಯೆ. ಅಲ್ಲಿಂದ ಪೆಟ್ಟಿಗೆಯ 443ಕ್ಕೋ 22ಕ್ಕೋ ಮಾತ್ರ ದಾರಿ, ಕಚೇರಿಯ ಬೇರಾವ ಕಂಪ್ಯೂಟರಿಗೂ ಇಲ್ಲ. ಪೆಟ್ಟಿಗೆಯ ಫೈರ್‌ವಾಲಿನಲ್ಲೂ 'ಇಂತಿಂಥ ವಿಳಾಸದಿಂದ ಬಂದರೆ ಮಾತ್ರ ಲಾಗಿನ್ ಪುಟ ತೋರಿಸು' ಎಂಬ ಪಟ್ಟಿ ಹಾಕಬಹುದಾದರೆ ಹಾಕಿಸಿ. ಕೆಸ್ವಾನ್‌ನಂಥ ಸರ್ಕಾರಿ ಜಾಲದೊಳಗಿರುವ ಪೆಟ್ಟಿಗೆ ಹೊರಗಿನ ಅಂತರ್ಜಾಲಕ್ಕೆ ನೇರ ಕಾಣದಿದ್ದರೂ ಈ ಪಟ್ಟಿ ಬೇಕು, ಏಕೆಂದರೆ ಆ ಜಾಲದೊಳಗೂ ರಾಜ್ಯದ ಉದ್ದಗಲದ ಕಚೇರಿಗಳಿವೆ. ಯಾವುದೋ ಊರಿನ ಒಂದು ಕಂಪ್ಯೂಟರಿಗೆ ಪೆನ್‌ಡ್ರೈವಿನಿಂದ ಸೋಂಕು ತಗುಲಿದರೂ ಅದು ಜಾಲದ ಒಳಗಿನವನಾಗಿಯೇ ಬಂದು ಬಾಗಿಲು ತಟ್ಟುತ್ತದೆ. ಇದೇ ಕಾರಣಕ್ಕೆ ವಿಸಿ ಪೆಟ್ಟಿಗೆಗೆ ಕಚೇರಿಯೊಳಗೇ ಪ್ರತ್ಯೇಕ ಉಪಜಾಲ, ಅಂದರೆ ವಿಎಲ್‌ಎಎನ್ ಮಾಡಿಸಬೇಕು. ಸ್ವಿಚ್ಚಿನಲ್ಲಿ ಹತ್ತು ನಿಮಿಷದ ಕೆಲಸ, ಹೊಸ ತಂತಿ ಎಳೆಯಬೇಕಿಲ್ಲ.

ಫೈಬರ್ ಇಲ್ಲದೆ 4ಜಿ ಡಾಂಗಲ್‌ನಲ್ಲಿ ಓಡುವ ಶಾಲೆ, ಉಪಕೇಂದ್ರಗಳ ಸಂಗತಿಯೇ ಬೇರೆ. ಅಲ್ಲಿ ಸಾಮಾನ್ಯವಾಗಿ ಹಲವಾರು ಗ್ರಾಹಕರಿಗೆ ಒಂದೇ ಸಾರ್ವಜನಿಕ ವಿಳಾಸ ಹಂಚಿರುತ್ತಾರೆ, ಹೊರಗಿನಿಂದ ನೇರ ಒಳಬರಲು ಆಗುವುದಿಲ್ಲ. ಹಾಗಾಗಿ ತಂತ್ರಜ್ಞರು ಎನಿಡೆಸ್ಕ್, ಟೀಮ್‌ವ್ಯೂವರ್‌ನಂಥ ತಂತ್ರಾಂಶವನ್ನು ಪಕ್ಕದ ಕಂಪ್ಯೂಟರಿಗೆ ಹಾಕಿ, ಯಾರೂ ಒಪ್ಪಿಗೆ ಕೊಡದಿದ್ದರೂ ಒಳಬರುವಂತೆ ಕಾಯಂ ಪಾಸ್‌ವರ್ಡ್ ಇಟ್ಟು ಹೋಗುತ್ತಾರೆ. ಅದನ್ನು ತೆಗೆಸಿ. ತೊಂದರೆ ಬಂದಾಗ ಫೋನಿನಲ್ಲಿ ಮಾತಾಡಿ, ಪರದೆಯ ಮೇಲೆ ಒಪ್ಪಿಗೆ ಒತ್ತಿ, ಕೆಲಸ ಮುಗಿಯುವವರೆಗೆ ಎದುರಿಗೇ ಕೂತು ನೋಡಿ, ಮುಗಿದ ಮೇಲೆ ಮುಚ್ಚಿ. ಸಣ್ಣ ಶಾಲೆಗೆ ವಿಪಿಎನ್ ಖರ್ಚು ಹೊರೆಯಾದರೆ ದೂರದ ಅಡ್ಮಿನ್ ಪ್ರವೇಶವನ್ನೇ ಬಂದ್ ಮಾಡಿ, ತಂತ್ರಜ್ಞ ಫೋನಿನಲ್ಲಿ ಹೇಳಿದಂತೆ ಕಂಪ್ಯೂಟರ್ ಮೇಷ್ಟ್ರೇ ಕೈಯಾಡಿಸುವುದು ನನ್ನ ಪ್ರಕಾರ ಒಳ್ಳೆಯ ಏರ್ಪಾಡು. ನಾಲ್ಕು ಸಲ ಮಾಡಿದರೆ ಐದನೆಯ ಸಲ ಫೋನೂ ಬೇಕಾಗುವುದಿಲ್ಲ.

ಹೊಸ ಪೆಟ್ಟಿಗೆಗಳನ್ನು ಕಂಪನಿಯ ಕ್ಲೌಡ್ ಮೂಲಕವೇ ನಿರ್ವಹಿಸುತ್ತಾರೆ. ಇಲ್ಲಿ ಪೋರ್ಟಿನ ತಲೆಬಿಸಿ ಇಲ್ಲ, ಆದರೆ ಕ್ಲೌಡ್ ಖಾತೆ ಯಾರ ಹೆಸರಿನಲ್ಲಿದೆ ಎಂಬ ಪ್ರಶ್ನೆಯಿದೆ. ಜೋಡಿಸಿದವನ ಸ್ವಂತ ಜಿಮೇಲ್‌ನಲ್ಲಿ ನೋಂದಾಯಿಸಿದ್ದರೆ ಪೆಟ್ಟಿಗೆ ನಿಮ್ಮದು, ಯಜಮಾನಿಕೆ ಅವನದು. ಕೆಲಸ ಬಿಟ್ಟು ಹೋದ ಮೇಲೂ ಅವನದೇ. ಸಂಸ್ಥೆಯ ಅಧಿಕೃತ ಇಮೇಲ್‌ಗೆ ಬದಲಾಯಿಸಿಕೊಂಡು, ಎರಡು ಹಂತದ ಗುರುತು ಕಡ್ಡಾಯ ಮಾಡಿ.

ಕೊಠಡಿಯೊಳಗೆ

ಕರೆಯನ್ನು ತಾನೇ ಎತ್ತಿಕೊಳ್ಳುವ ಆಯ್ಕೆ ಆಫ್ ಇರಲಿ. ಮೇಲಿನ ಕಚೇರಿಯಿಂದ ಸರಿಯಾಗಿ 11ಕ್ಕೆ ಕರೆ ಬರುತ್ತದೆ, ಎತ್ತುವವರು ಇರುವುದಿಲ್ಲ ಎಂಬ ಕಾರಣಕ್ಕೆ ಅದು ಬೇಕೇ ಬೇಕೆಂದರೆ, ಎತ್ತಿಕೊಂಡಾಗ ಮೈಕ್ ಮ್ಯೂಟ್ ಆಗಿರುವಂತೆ ಮಾಡಿ. ವಿಸಿ ಮುಗಿದ ಮೇಲೆ ಕ್ಯಾಮೆರಾದ ಮುಚ್ಚಳ ಹಾಕಿ, ಗೋಡೆಯ ಸ್ವಿಚ್ಚಿನಲ್ಲೇ ಪೆಟ್ಟಿಗೆ ಆರಿಸಿ. ಆರಿಸಿದರೆ ರಾತ್ರಿ ಅಪ್‌ಡೇಟ್ ಮಾಡಲು ಆಗುವುದಿಲ್ಲ ಎಂದು ತಂತ್ರಜ್ಞ ಗೊಣಗಬಹುದು. ಅದಕ್ಕೊಂದು ದಿನ ಗೊತ್ತುಮಾಡಿ, ಅಂದು ಹಚ್ಚಿಟ್ಟರಾಯಿತು. ಪೆಟ್ಟಿಗೆಯ ಒಳತಂತ್ರಾಂಶದ, ಅಂದರೆ ಫರ್ಮ್‌ವೇರ್ ಅಪ್‌ಡೇಟ್ ಮಾತ್ರ ತಪ್ಪಬಾರದು. ಕಂಪನಿ ಅಪ್‌ಡೇಟ್ ಕೊಡುವುದನ್ನೇ ನಿಲ್ಲಿಸಿದ ಹಳೆಯ ಮಾದರಿಯಾದರೆ ದೂರದ ಪ್ರವೇಶಕ್ಕೆ ಅದನ್ನು ಒಡ್ಡಲೇಬೇಡಿ.

ನಮ್ಮ ಕಡೆಯ ಕರೆಂಟಿನ ಕಥೆ ಎಲ್ಲರಿಗೂ ಗೊತ್ತು. ಮತ್ತೆ ಮತ್ತೆ ಹೋಗಿ ಬರುವ ಕರೆಂಟಿನಿಂದ ಎರಡು ತೊಂದರೆ. ಒಂದು, ಗಡಿಯಾರದ ಬ್ಯಾಟರಿ ಸತ್ತ ಹಳೆಯ ಪೆಟ್ಟಿಗೆ ಎದ್ದಾಗ ತಾನು 1970ರಲ್ಲೇ ಇದ್ದೇನೆಂದುಕೊಳ್ಳುತ್ತದೆ. ಆಗ ಪ್ರಮಾಣಪತ್ರಗಳು ಕೆಲಸ ಮಾಡುವುದಿಲ್ಲ, ಯಾರು ಯಾವಾಗ ಒಳಬಂದರೆಂಬ ದಾಖಲೆಯಾದ ಲಾಗ್‌ನ ದಿನಾಂಕ ಯಾವ ತನಿಖೆಗೂ ಉಪಯೋಗಕ್ಕೆ ಬರುವುದಿಲ್ಲ. ಜಾಲದಿಂದ ಸಮಯ ಪಡೆಯುವ ಎನ್‌ಟಿಪಿ ಹೊಂದಿಸಿಡಬೇಕು. ಇನ್ನೊಂದು, ಕೆಲವು ಪೆಟ್ಟಿಗೆಗಳು ಆರಿದ ಕೂಡಲೇ ಲಾಗ್ ಮರೆತುಬಿಡುತ್ತವೆ. ಹಾಗಾಗಿ ಲಾಗ್ ಅನ್ನು ಬೇರೊಂದು ಸರ್ವರಿಗೆ ಕಳುಹಿಸುವ ವ್ಯವಸ್ಥೆ ಇರಬೇಕು. ಕೇಂದ್ರದ ಸರ್ಟ್–ಇನ್ ಸಂಸ್ಥೆ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಲ್ಲಿ ಲಾಗ್‌ಗಳನ್ನು 180 ದಿನ ಕಾಪಾಡಬೇಕು, ಗಡಿಯಾರಗಳನ್ನು ಅಧಿಕೃತ ಸಮಯಕ್ಕೆ ಹೊಂದಿಸಬೇಕು ಎಂದಿದೆ.

ಪಾಸ್‌ವರ್ಡ್ ಮರೆತುಹೋದಾಗ ಪೆಟ್ಟಿಗೆಯ ಹಿಂಬದಿಯ ಸಣ್ಣ ತೂತಿಗೆ ಪಿನ್ ಚುಚ್ಚಿ ರೀಸೆಟ್ ಮಾಡುವುದು ಎಲ್ಲೆಡೆ ನಡೆಯುವ ಸಂಗತಿ. ಆ ಕ್ಷಣಕ್ಕೆ ಮೇಲೆ ಹೇಳಿದ್ದೆಲ್ಲ ಅಳಿಸಿಹೋಗಿ, ಕಾರ್ಖಾನೆ ಪಾಸ್‌ವರ್ಡು, ಎಷ್ಟೋ ಮಾದರಿಗಳಲ್ಲಿ ಟೆಲ್ನೆಟ್ಟೂ ವಾಪಸ್ ಬರುತ್ತವೆ. ಆದ್ದರಿಂದ ಪೆಟ್ಟಿಗೆ ಬೀಗದ ಕಪಾಟಿನಲ್ಲಿರಬೇಕು. ರೀಸೆಟ್ ಮಾಡಿದರೆ ಭದ್ರತೆಯ ಹೊಂದಿಕೆಗಳನ್ನು ಮತ್ತೆ ಮಾಡುವವರೆಗೆ ಜಾಲದ ತಂತಿ ಚುಚ್ಚಬಾರದು.

ಮರೆತುಹೋಗುವುದಕ್ಕೂ ಕಾರಣವಿದೆ: ವರ್ಗಾವಣೆ. ಅಧಿಕಾರಿ ಬದಲಾದಾಗ ಚಾರ್ಜ್ ಪಟ್ಟಿಯಲ್ಲಿ ಜೀಪಿನ ಕೀ, ಬೀರುವಿನ ಕೀ, ಮುದ್ರೆ, ನಗದು ಪುಸ್ತಕ ಎಲ್ಲ ಇರುತ್ತವೆ. ವಿಸಿ ಪೆಟ್ಟಿಗೆಯ ಅಡ್ಮಿನ್ ಪಾಸ್‌ವರ್ಡ್ ಇರುವುದಿಲ್ಲ. ಅದನ್ನು ಮೊಹರು ಮಾಡಿದ ಲಕೋಟೆಯಲ್ಲಿಟ್ಟು ತಿಜೋರಿಯಲ್ಲಿರಿಸಿ, ಲಕೋಟೆಯ ಸಂಖ್ಯೆಯನ್ನು ಚಾರ್ಜ್ ಪಟ್ಟಿಗೆ ಸೇರಿಸಬೇಕು. ಹೊಸಬರು ಚಾರ್ಜ್ ತೆಗೆದುಕೊಂಡ ದಿನವೇ ಪಾಸ್‌ವರ್ಡ್ ಬದಲಾಗಬೇಕು. ಜೊತೆಗೊಂದು ವಹಿ ಇಡಿ: ಪೆಟ್ಟಿಗೆಯ ಮಾದರಿ, ಸೀರಿಯಲ್ ಸಂಖ್ಯೆ, ಫರ್ಮ್‌ವೇರ್ ಆವೃತ್ತಿ, ದೂರದಿಂದ ಯಾರು ಯಾವ ದಿನ ಎಷ್ಟು ಗಂಟೆಗೆ ಏಕೆ ಒಳಬಂದರು. ಎಎಂಸಿ ಮುಗಿದ ದಿನ ಆ ಕಂಪನಿಯ ಖಾತೆಗಳು ರದ್ದಾದವೆಂದು ಬರೆದು ಸಹಿ ಮಾಡಿಸಿ. ಹೊರಗುತ್ತಿಗೆ ಹುಡುಗ ಕೆಲಸ ಬಿಟ್ಟಾಗಲೂ ಹೀಗೇ. ಲಕ್ಷಗಟ್ಟಲೆ ಬೆಲೆಯ ಯಾವ ಉಪಕರಣಕ್ಕಿಂತಲೂ ಈ ವಹಿ ಹೆಚ್ಚು ಕಾಪಾಡುತ್ತದೆಂದು ನಾನು ನಂಬಿದ್ದೇನೆ.

ಪರೀಕ್ಷೆ, ಅನುಮಾನ, ವಿಲೇವಾರಿ

ಬಾಗಿಲು ಮುಚ್ಚಿದೆಯೇ ಎಂದು ನೋಡುವ ಸುಲಭ ವಿಧಾನವಿದು. ಕಚೇರಿಯ ಸಾರ್ವಜನಿಕ ಐಪಿ ವಿಳಾಸವನ್ನು ತಂತ್ರಜ್ಞರಿಂದ ಬರೆಸಿಕೊಳ್ಳಿ. ಮೊಬೈಲಿನ ವೈಫೈ ಆರಿಸಿ, ಸಿಮ್‌ನ ಡೇಟಾದಲ್ಲಿ ಬ್ರೌಸರ್ ತೆರೆದು ಆ ವಿಳಾಸ ಹೊಡೆಯಿರಿ. ಪೆಟ್ಟಿಗೆಯದೋ ರೂಟರಿನದೋ ಲಾಗಿನ್ ಪುಟ ಕಂಡರೆ ಬಾಗಿಲು ತೆರೆದಿದೆ. ಕಾಣದಿದ್ದರೂ ಟೆಲ್ನೆಟ್ ಮತ್ತಿತರ ಪೋರ್ಟುಗಳ ಪರೀಕ್ಷೆಯ ವರದಿಯನ್ನು ವರ್ಷಕ್ಕೊಮ್ಮೆ ಎಎಂಸಿಯವರಿಂದ ಲಿಖಿತವಾಗಿ ಕೇಳಿ. ಈ ಪರೀಕ್ಷೆ ನಿಮ್ಮದೇ ವಿಳಾಸಕ್ಕೆ ಮಾತ್ರ. ಬೇರೆಯವರ ಯಂತ್ರಕ್ಕೆ ಅನುಮತಿಯಿಲ್ಲದೆ ಕೈಹಾಕಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ನೇ ಕಲಮಿನಡಿ ಮೂರು ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು.

ಯಾರೂ ಮುಟ್ಟದೆ ಕ್ಯಾಮೆರಾ ತಿರುಗಿದರೆ, ಕರೆಯ ಪಟ್ಟಿಯಲ್ಲಿ ನಡುರಾತ್ರಿಯ ಅಪರಿಚಿತ ಕರೆ ಕಂಡರೆ, ಹೊಸ ಅಡ್ಮಿನ್ ಖಾತೆ ಹುಟ್ಟಿಕೊಂಡಿದ್ದರೆ ಗಾಬರಿಯಲ್ಲಿ ರೀಸೆಟ್ ಮಾಡಬೇಡಿ, ಸಾಕ್ಷ್ಯ ಅಳಿಸಿಹೋಗುತ್ತದೆ. ಕರೆಂಟು ಇರಲಿ, ಜಾಲದ ತಂತಿ ಮಾತ್ರ ಕೀಳಿ. ಪರದೆಯ ಫೋಟೊ ತೆಗೆದು, ಹೊತ್ತು ಬರೆದಿಟ್ಟು, ಮೇಲಧಿಕಾರಿಗೂ ಇಲಾಖೆಯ ಐಟಿ ವಿಭಾಗಕ್ಕೂ ತಿಳಿಸಿ. ಸಂಸ್ಥೆಗಳು ಇಂಥ ಘಟನೆಯನ್ನು ಗಮನಕ್ಕೆ ಬಂದ 6 ಗಂಟೆಯೊಳಗೆ ಸರ್ಟ್–ಇನ್‌ಗೆ ವರದಿ ಮಾಡಬೇಕೆಂದು ಅದೇ 2022ರ ನಿರ್ದೇಶನ ಹೇಳುತ್ತದೆ. ದೂರಿಗೆ ಸೈಬರ್ ಅಪರಾಧ ನೋಡಿಕೊಳ್ಳುವ ಜಿಲ್ಲೆಯ ಸೆನ್ ಪೊಲೀಸ್ ಠಾಣೆ ಇದೆ, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್ ಇದೆ, ಸಹಾಯವಾಣಿ 1930 ಇದೆ.

ಕೊನೆಗೆ ಹಳೆಯ ಪೆಟ್ಟಿಗೆ. ಕೆಟ್ಟುಹೋದದ್ದನ್ನು ಹರಾಜಿಗೋ ಗುಜರಿಗೋ ಹಾಕುವ ಮೊದಲು ಅದರೊಳಗಿನ ವಿಳಾಸ ಪುಸ್ತಕ, ಕರೆಯ ಪಟ್ಟಿ, ವೈಫೈ ಮತ್ತು ವಿಪಿಎನ್ ಗುರುತುಗಳು, ಪ್ರಮಾಣಪತ್ರಗಳ ಕೀಲಿಗಳು ಎಲ್ಲ ಅಳಿಯುವಂತೆ ರೀಸೆಟ್ ಮಾಡಿಸಿ. ಪೆಟ್ಟಿಗೆ ಚಾಲೂ ಆಗದಿದ್ದರೆ ಮೆಮೊರಿ ಇರುವ ಬೋರ್ಡನ್ನೇ ಬಿಚ್ಚಿ ನಾಶ ಮಾಡಿಸಿ. ಕ್ಲೌಡ್ ಖಾತೆಯಿಂದ ಅದರ ಹೆಸರು ತೆಗೆಸಿ. ಫೈರ್‌ವಾಲಿನಲ್ಲಿ ಆ ಪೆಟ್ಟಿಗೆಯ ಹೆಸರಿನಲ್ಲಿ ಬರೆದಿದ್ದ ಸಾಲುಗಳನ್ನೂ ಅಳಿಸಿ, ಇಲ್ಲದಿದ್ದರೆ ನಾಳೆ ಅದೇ ಐಪಿ ವಿಳಾಸಕ್ಕೆ ಬಂದು ಕೂರುವ ಪ್ರಿಂಟರೋ ಕಂಪ್ಯೂಟರೋ ಹಳೆಯ ಅನುಮತಿಯನ್ನೆಲ್ಲ ತನ್ನದಾಗಿಸಿಕೊಳ್ಳುತ್ತದೆ. ವಿಲೇವಾರಿಯ ಆದೇಶದ ಪ್ರತಿಯನ್ನು ವಹಿಯಲ್ಲಿ ಆ ಪೆಟ್ಟಿಗೆಯ ಪುಟಕ್ಕೆ ಅಂಟಿಸಿ, ದಿನಾಂಕ ಹಾಕಿ ಸಹಿ ಮಾಡಿ.